ನಾರ್ಣ, ನಾರಾಯಣ, ನಾರಾಯಣನ್

"ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿ ಎಂದು ನಾವೇ ಹೇಳುತ್ತೇವೆ. ಹಾಗಿರುವಾಗ ಕೇರಳದಲ್ಲಿರುವ ನೀವು ಮಲಯಾಳ ಕಲಿತು ನೆಮ್ಮದಿಯಾಗಿರಬಾರದೇ? ಕನ್ನಡದ ಒಂದು ಅರ್ಜಿ ನಮೂನೆಗಾಗಿ ಇಷ್ಟು ಹಟವೇಕೆ?" ಮೊನ್ನೆ ಫೋನಿನಲ್ಲಿ ನೀನು ಹೀಗೆ ಕೇಳಿದೆ. ಆಗ ನಾನು ಮಾತು ಬದಲಿಸಿ ಅಡಿಕೆ ಧಾರಣೆಯ ಸುದ್ದಿ ತೆಗೆದೆ. ಆದರೆ ಆಮೇಲೆ ಅಂಗಳದಲ್ಲಿ ಅಡಿಕೆ ಮಗುಚುವಾಗಲೂ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನಿಗೇ ನಮ್ಮ ವಿಷಯ ಇಷ್ಟು ದೂರವಾಯಿತಲ್ಲ ಎಂದು ನೋವಾಯಿತು. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬೆಂಗಳೂರಿಗೆ ಬಂದವರು ತಮ್ಮ ಊರು ಬಿಟ್ಟು ಬಂದವರು. ನಾವು ಎಲ್ಲಿಂದಲೂ ಬಂದವರಲ್ಲ. ನಮ್ಮ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಅಜ್ಜ ಕಟ್ಟಿದ ತೀರ್ವೆಯ, ಅಂದರೆ ಭೂಕಂದಾಯದ, ರಸೀದಿಗಳಿವೆ. ಹಳೆಯವು ಕನ್ನಡದಲ್ಲಿವೆ, ಆಗ ನಮ್ಮ ಕಾಸರಗೋಡು ತಾಲ್ಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾಯಿತು. ನಂತರದ ರಸೀದಿಗಳಲ್ಲಿ ಮೆಲ್ಲಮೆಲ್ಲನೆ ಮಲಯಾಳ ಕಾಣಿಸಿಕೊಂಡು, ಕೊನೆಗೆ ಅದೊಂದೇ ಉಳಿದಿದೆ. ಅಜ್ಜ ನಡೆದಾಡಿದ ಗದ್ದೆಯ ಹುಣಿ ಅದೇ, ನೀರು ತಂದ ಸುರಂಗ ಅದೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟದ್ದನ್ನು ನೀನೂ ಓದಿರುತ್ತೀಯ. ನಾನು ಆ ವರದಿಯನ್ನು ಕಾಯುತ್ತ ಕುಳಿತವನಲ್ಲ. ನನ್ನ ಮಕ್ಕಳು ಬದುಕಬೇಕಾದದ್ದು ಇವತ್ತಿನ ಕೇರಳದಲ್ಲಿ.

ಇನ್ನು ಮಲಯಾಳ ಕಲಿಯುವ ಮಾತು. ನಮಗೆ ಮಲಯಾಳ ಬರುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಬ್ಯಾರಿ, ಬಸ್ಸಿನಲ್ಲಿ ಮಲಯಾಳ, ನೆರೆಮನೆಯ ಮದುವೆಯಲ್ಲಿ ಕೊಂಕಣಿ. ನಮ್ಮೂರನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಯುವುದು ಸುಮ್ಮನೆ ಅಲ್ಲ. ನನ್ನ ತೋಟಕ್ಕೆ ಮದ್ದು ಬಿಡಲು ಬರುವವನೊಡನೆ ನಾನು ಮಾತನಾಡುವುದು ಮಲಯಾಳದಲ್ಲಿಯೇ. ಅವನು ನನ್ನ ತಾಯಿಯೊಡನೆ ಮಾತನಾಡುವುದು ತುಳುವಿನಲ್ಲಿ. ನನ್ನ ಮಗಳು ಮಲಯಾಳವನ್ನು ನನಗಿಂತ ಚೆನ್ನಾಗಿ ಓದುತ್ತಾಳೆ, ಅದು ನನಗೆ ಸಂತೋಷವೇ. ಆದರೆ ಸಂತೆಯ ಮಾತು ಬೇರೆ, ಕಂದಾಯ ಇಲಾಖೆಯ ಮಾತು ಬೇರೆ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ ನನ್ನ ತಾಯಿಗೆ ಈಗ ಎಪ್ಪತ್ತು ದಾಟಿದೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅವಳು ತನ್ನದೇ ಜಾಗದ ಕಾಗದವನ್ನು ಓದಲಾರಳು.

ಕೇರಳವನ್ನು ದೂರಲು ಇದನ್ನೆಲ್ಲ ಬರೆಯುತ್ತಿಲ್ಲ. ಪಡಿತರದ ಕುಚ್ಚಲಕ್ಕಿ ಸಿಗುತ್ತದೆ. ಕ್ಷೇಮ ಪಿಂಚಣಿ 2025ರ ನವೆಂಬರ್‌ನಿಂದ 1,600 ರೂಪಾಯಿಯಿಂದ 2,000 ರೂಪಾಯಿಗೆ ಏರಿದೆ. ನನ್ನ ತಾಯಿ ಅದರಲ್ಲಿ ತನ್ನ ಔಷಧಿಯ ಖರ್ಚನ್ನು ತಾನೇ ನೋಡಿಕೊಳ್ಳುತ್ತಾಳೆ. ಹೆಂಗಸರ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯಿಂದ ನಮ್ಮ ಕೇರಿಯ ಹೆಂಗಸರು ಸಾಲ ಮಾಡಿ ಹಸು ಕಟ್ಟಿದ್ದಾರೆ, ಹೊಲಿಗೆ ಯಂತ್ರ ಕೊಂಡಿದ್ದಾರೆ. ಪಂಚಾಯತಿಗೆ ಇಲ್ಲಿ ಇರುವಷ್ಟು ಹಣ ಮತ್ತು ಅಧಿಕಾರ ನಿಮ್ಮ ಕಡೆ ಕಾಣಿಸುವುದಿಲ್ಲ. ಪೆಟ್ರೋಲ್ ಮಾತ್ರ ದುಬಾರಿ, ಅದಕ್ಕೇ ಮಂಗಳೂರಿಗೆ ಹೋದವರು ಗಡಿಯ ತಲಪಾಡಿಯ ಆಚೆ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ವಿಟ್ಲಕ್ಕೆ ಮದುವೆಯಾಗಿ ಹೋದ ನನ್ನ ತಂಗಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, 2023ರ ಜೂನ್‌ನಿಂದ ಧರ್ಮಸ್ಥಳಕ್ಕೆ ಸರ್ಕಾರಿ ಬಸ್ಸಿನಲ್ಲಿ ಹಣ ಕೊಡದೆ ಹೋಗಿ ಬರುತ್ತಾಳೆ. ಸುಳ್ಯದಿಂದ ಇಲ್ಲಿಗೆ ಮದುವೆಯಾಗಿ ಬಂದ ನನ್ನ ಹೆಂಡತಿ ತನ್ನ ತವರಿಗೇ ಪೂರ್ತಿ ಹಣ ಕೊಟ್ಟು ಹೋಗಬೇಕು. ಗಡಿಯ ಹತ್ತಿರ ಬದುಕುವವರಿಗೆ ಇಂಥ ಲೆಕ್ಕಗಳು ಅಭ್ಯಾಸವಾಗಿವೆ.

ಅಭ್ಯಾಸವಾಗದೇ ಉಳಿದದ್ದು ಕಾಗದ. ನನ್ನ ಹಟ ಇರುವುದು ಅಲ್ಲಿ.

ಮೂರು ವರ್ಷಗಳ ಹಿಂದೆ ಕೊಳೆರೋಗ ನಮ್ಮ ತೋಟದ ಅರ್ಧ ಫಸಲನ್ನು ಉದುರಿಸಿತು. ಮಳೆ ಬಿಡದೆ ಸುರಿದರೆ ಮೈಲುತುತ್ತು ಸುಣ್ಣದ ಮದ್ದು ಬಿಡಲು ಎರಡನೆಯ ಸಲ ಮರ ಹತ್ತಿಸಲು ಆಗುವುದಿಲ್ಲ; ಮದ್ದು ನಿಲ್ಲದ ಗೊನೆ ಉಳಿಯುವುದಿಲ್ಲ. ತೋಟದ ಕೆಳಗಿನ ಭಾಗದಲ್ಲಿ ಮರಗಳೇ ಹಳತಾಗಿದ್ದವು. ಅವನ್ನು ಕಡಿದು ಹೊಸ ಗಿಡ ನೆಡಬೇಕು, ಕೆರೆಯ ಹೂಳು ತೆಗೆಸಬೇಕು, ಪಂಪು ಬದಲಿಸಬೇಕು. ಬ್ಯಾಂಕಿನಿಂದ ಸಾಲ ಕೇಳಿದೆ. ಜಾಗ ಇತ್ತು, ತೀರ್ವೆ ಬಾಕಿ ಇರಲಿಲ್ಲ, ಹಿಂದಿನ ಸಾಲ ತೀರಿಸಿದ ದಾಖಲೆಯೂ ಇತ್ತು. ವ್ಯವಸ್ಥಾಪಕರು ಒಳ್ಳೆಯವರು; ಮುನ್ನಾಧಾರ ತಂದುಕೊಡಿ, ವಕೀಲರು ನೋಡಿದರೆ ಮುಗಿಯಿತು ಎಂದರು. ಮುನ್ನಾಧಾರ ಎಂದರೆ ಈಗಿನ ಪತ್ರಕ್ಕಿಂತ ಹಿಂದಿನ ಪತ್ರ, ಜಾಗ ನಮ್ಮ ಕೈಗೆ ಹೇಗೆ ಬಂತು ಎಂಬುದರ ಮೂಲ.

ನಮ್ಮ ಮುನ್ನಾಧಾರ ಕನ್ನಡದಲ್ಲಿದೆ. ಹಳೆಯ ಕೈಬರಹ, ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳು. ಅದರಲ್ಲಿ ವರ್ಗ, ಕುಮ್ಕಿ ಎಂಬ ಮಾತುಗಳಿವೆ. ವರ್ಗ ಎಂದರೆ ಕೃಷಿಕನ ಹೆಸರಿಗಿರುವ ಪಟ್ಟಾ ಜಮೀನು. ಕುಮ್ಕಿ ಎಂದರೆ ಆ ವರ್ಗ ಜಮೀನಿನ ಪಕ್ಕದ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯಲು ಕೃಷಿಕನಿಗಿರುವ ಹಕ್ಕು. ಹಳೆಯ ದಕ್ಷಿಣ ಕನ್ನಡದ ಪದ್ಧತಿ. ತೆಂಕಣ ಜಿಲ್ಲೆಯಿಂದ ಬಂದ ವಕೀಲರಿಗೆ ಅಕ್ಷರವೂ ತಿಳಿಯಲಿಲ್ಲ, ಪದ್ಧತಿಯೂ ತಿಳಿಯಲಿಲ್ಲ. ಅದು ಅವರ ತಪ್ಪಲ್ಲ. ಅನುವಾದ ಮಾಡಿಸಿ ತನ್ನಿ ಎಂದರು. ಹಳೆಯ ಕನ್ನಡ ಕೈಬರಹ ಓದಬಲ್ಲ, ಆಧಾರದ, ಅಂದರೆ ಜಮೀನು ಪತ್ರದ, ಮಲಯಾಳವನ್ನೂ ಬರೆಯಬಲ್ಲ ಜನ ಈಗ ಎಷ್ಟಿದ್ದಾರೆ? ನಮ್ಮ ಸುತ್ತಿನಲ್ಲಿ ಒಬ್ಬ ನಿವೃತ್ತ ಬರಹಗಾರರಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು ಅವರಿಗೆ. ಒಂದು ತಿಂಗಳು ಕಾದೆ.

ಅನುವಾದ ಬಂದಾಗ ಹೊಸ ತೊಡಕು ಎದ್ದಿತು. ಅಜ್ಜನ ಹೆಸರು ನಾರಾಯಣ. ಆದರೆ ತುಳುನಾಡಿನಲ್ಲಿ ನಾರಾಯಣನನ್ನು ಯಾರು ಪೂರ್ತಿಯಾಗಿ ಕರೆಯುತ್ತಾರೆ? ನಾರ್ಣ ಎನ್ನುತ್ತಾರೆ. ಹಳೆಯ ಆಧಾರ ಬರೆದವನು ಕಿವಿಗೆ ಬಿದ್ದಂತೆ ನಾರ್ಣ ಎಂದೇ ಬರೆದಿದ್ದ. ಅಜ್ಜನ ಮರಣ ಪತ್ರದಲ್ಲಿ ನಾರಾಯಣ ಎಂದಿತ್ತು. ತಂದೆ ಮತ್ತು ಚಿಕ್ಕಪ್ಪಂದಿರು ಪಾಲು ಮಾಡಿಕೊಂಡಾಗ ಪತ್ರ ಮಲಯಾಳದಲ್ಲಿ ಆಯಿತು. ಮಲಯಾಳದಲ್ಲಿ ಗಂಡಸರ ಹೆಸರಿನ ಕೊನೆಗೆ ಒಂದು ನಕಾರ ಸೇರುವುದು ವಾಡಿಕೆ. ಬರೆಯುವವನು ಅವನ ಅಭ್ಯಾಸದಂತೆ ನಾರಾಯಣನ್ ಎಂದು ಬರೆದ. ಕೆಳಗೆ ನನ್ನ ತಂದೆ ಕನ್ನಡದಲ್ಲಿ ಸಹಿ ಹಾಕಿದರು. ಮೇಲೆ ಏನಿದೆ ಎಂದು ಅವರಿಗೆ ಯಾರೋ ಓದಿ ಹೇಳಿದ್ದರು, ಹೇಳುವಾಗ ನಾರಾಯಣ ಎಂದೇ ಹೇಳಿರಬೇಕು. ಹೀಗೆ ನಾರ್ಣನ ಜಾಗವನ್ನು, ನಾರಾಯಣ ಸತ್ತ ಮೇಲೆ, ನಾರಾಯಣನ್ ಎಂಬವನ ಮಕ್ಕಳು ಪಾಲು ಮಾಡಿಕೊಂಡಂತಾಯಿತು.

ಮೂವರೂ ಒಬ್ಬರೇ ಎಂದು ಗ್ರಾಮ ಕಚೇರಿಯಿಂದ ಪ್ರಮಾಣಪತ್ರ ತರಬೇಕು. ಅದಕ್ಕೆ ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬೇಕು, ನೆರೆಯ ಇಬ್ಬರನ್ನು ಕರೆದುಕೊಂಡು ಹೋಗಿ ಹೇಳಿಸಬೇಕು. ಅಜ್ಜನನ್ನು ಕಂಡವರು ಊರಿನಲ್ಲಿ ಉಳಿದಿದ್ದದ್ದೇ ಮೂವರು, ಒಬ್ಬರು ಹಾಸಿಗೆ ಹಿಡಿದಿದ್ದರು. ಅರ್ಜಿಯಲ್ಲಿ ಏನೋ ಒಂದು ಅಕ್ಷರ ತಪ್ಪಿತು, ವಾಪಸು ಬಂತು. ವಾಪಸು ಬಂದದ್ದು ಮೊಬೈಲಿಗೆ ಮಲಯಾಳದ ಸಂದೇಶವಾಗಿ ಬಂದಿತ್ತು. ನಾನು ಅದನ್ನು ಜಾಹೀರಾತು ಎಂದುಕೊಂಡು ಹನ್ನೊಂದು ದಿನ ತೆರೆಯಲೇ ಇಲ್ಲ. ಮಗಳು ನೋಡಿ ಹೇಳಿದಳು. ಮತ್ತೆ ಹೋದೆ.

ಸಾಲ ಕೈಗೆ ಬಂದಾಗ ಆಗಸ್ಟ್ ಕಳೆದಿತ್ತು. ಅಡಿಕೆ ಗಿಡ ನಮ್ಮಲ್ಲಿ ಮಳೆಗಾಲದ ಮೊದಲಲ್ಲೇ ನೆಡಬೇಕು, ಬೇರು ಹಿಡಿಯಬೇಕು. ಪ್ಲಾಸ್ಟಿಕ್ ತೊಟ್ಟೆಯಲ್ಲಿದ್ದ ಗಿಡಗಳು ಅಂಗಳದ ಮೂಲೆಯಲ್ಲಿ ಹಳದಿಯಾದವು. ನೆಟ್ಟದ್ದು ಮರುವರ್ಷ. ಅಡಿಕೆ ಸರಿಯಾಗಿ ಫಲ ಕೊಡಲು ಐದಾರು ವರ್ಷ ಬೇಕು. ಒಂದು ಮಳೆಗಾಲ ತಪ್ಪಿದರೆ ಒಂದು ವರ್ಷದ ಫಸಲು ಹೋದಂತೆ. ಇದರ ಜೊತೆಗೆ ಅನುವಾದದ ಹಣ, ಅರ್ಜಿ ಬರೆಸಿದ ಹಣ, ಒಂಬತ್ತು ಸಲ ಓಡಾಡಿದ ಬಸ್ಸು, ಸಾಕ್ಷಿಗೆ ಬಂದವರ ಆ ದಿನದ ಕೆಲಸದ ಕೂಲಿ. ಬರೆದಿಟ್ಟಿದ್ದೇನೆ ಎಲ್ಲವನ್ನೂ. ನಮ್ಮ ಮನೆಯ ಖರ್ಚಿನ ಪುಸ್ತಕದಲ್ಲಿ ಗೊಬ್ಬರ, ಕೂಲಿ, ಕರೆಂಟು ಎಂಬ ಸಾಲುಗಳ ಕೆಳಗೆ "ಮಲಯಾಳ" ಎಂದು ಒಂದು ಸಾಲು ಇದೆ. ನೀನು ಭಾವನೆಯ ವಿಷಯ ಎಂದುಕೊಂಡದ್ದು ನಮಗೆ ಹೀಗೆ ಪ್ರತಿ ವರ್ಷ ಬರುವ ಖರ್ಚು. ತಿರುವನಂತಪುರದ ಕಡೆಯ ನೆಯ್ಯಾಟ್ಟಿನ್‌ಕರದ ರೈತ ಈ ಖರ್ಚು ಮಾಡುವುದಿಲ್ಲ, ಪುತ್ತೂರಿನ ರೈತನೂ ಮಾಡುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದವರು ಮಾಡುತ್ತಾರೆ.

ಕಾನೂನು ಇಲ್ಲವೆಂದಲ್ಲ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಹೆಚ್ಚಿರುವ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಹೋಗಬೇಕು ಎಂದು ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಬರೆಯಲಾಗಿತ್ತು. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲೂ ದೂರು ಅರ್ಜಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ವಿಧಾನಸಭೆ ಮಲಯಾಳ ಭಾಷಾ ಮಸೂದೆಯನ್ನು ಒಪ್ಪಿದಾಗಲೂ ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆಯಿಲ್ಲ ಎಂದು ಸರ್ಕಾರ ಹೇಳಿತು. ನಾನು ಆ ಮಾತನ್ನು ಸುಳ್ಳು ಎನ್ನುವುದಿಲ್ಲ. ಆದರೆ ಕಿಟಕಿಯ ಆಚೆ ಕನ್ನಡ ಬಲ್ಲ ಒಬ್ಬ ಗುಮಾಸ್ತ ಇಲ್ಲದಿದ್ದರೆ, ಕಂಪ್ಯೂಟರಿನ ನಮೂನೆ ಕನ್ನಡದಲ್ಲಿ ತೆರೆಯದಿದ್ದರೆ ಆ ಹಕ್ಕು ನನ್ನ ಕೈಗೆ ಹೇಗೆ ಸಿಗುತ್ತದೆ? ಕನ್ನಡ ಬಲ್ಲ ಗುಮಾಸ್ತರ ಹುದ್ದೆಗಳಿಗೆಂದು ಲೋಕಸೇವಾ ಆಯೋಗ ಬೇರೆಯೇ ಪರೀಕ್ಷೆ ನಡೆಸುತ್ತದೆ. ಆ ಹುದ್ದೆಗಳು ತುಂಬಬೇಕು, ತುಂಬಿದವರು ಕನ್ನಡದವರ ಕಿಟಕಿಯಲ್ಲಿಯೇ ಕುಳಿತಿರಬೇಕು. ಕನ್ನಡ ಮಾಧ್ಯಮದ ಮಕ್ಕಳ ಎದುರು ಕನ್ನಡ ಬಾರದ ಶಿಕ್ಷಕರು ನಿಂತರೆ ಹತ್ತು ವರ್ಷಗಳ ನಂತರ ಆ ಪರೀಕ್ಷೆ ಬರೆಯುವವರು ಯಾರು? ಹಳೆಯ ಕನ್ನಡ ಆಧಾರಗಳನ್ನು ಸರ್ಕಾರವೇ ಒಮ್ಮೆ ಓದಿಸಿ, ಅನುವಾದ ಮಾಡಿಸಿ, ಮುದ್ರೆ ಒತ್ತಿ ಇಡಲಿ. ಪ್ರತಿ ಮನೆಯವರೂ ಪ್ರತಿ ಸಾಲಕ್ಕೂ ಬೇರೆಬೇರೆಯಾಗಿ ಆ ಖರ್ಚು ಹೊರುವುದು ಯಾವ ನ್ಯಾಯ? ನಾನು ಕೇಳುವುದು ಇಷ್ಟೇ.

ಇನ್ನು ನೀನು ಕೊನೆಗೆ ಹೇಳಿದ ಮಾತು: "ಹಾಗಾದರೆ ಕರ್ನಾಟಕದ ಸರ್ಕಾರವನ್ನು ಕೇಳಿ." ಕೇಳಿದ್ದೇವೆ ಗೆಳೆಯ. ನವೆಂಬರ್ ಬಂದಾಗ ಶಾಲು ಹೊದಿಸುತ್ತಾರೆ, ಗಡಿನಾಡಿನ ಕನ್ನಡಿಗರು ಎಂದು ಪ್ರೀತಿಯಿಂದಲೇ ಮಾತನಾಡುತ್ತಾರೆ. ಆದರೆ 2020ರ ಮಾರ್ಚ್‌ನಲ್ಲಿ, ಕೊರೋನಾ ಲಾಕ್‌ಡೌನ್ ಹೊತ್ತಿಗೆ, ಅದೇ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ನಮ್ಮ ರೋಗಿಗಳಿಗೆ ಮಂಗಳೂರು ಬಿಟ್ಟರೆ ಬೇರೆ ದೊಡ್ಡ ಆಸ್ಪತ್ರೆ ಆಗ ಹತ್ತಿರದಲ್ಲಿ ಇರಲಿಲ್ಲ. ಡಯಾಲಿಸಿಸ್‌ಗೆ ಹೋಗುವವರಿದ್ದರು, ಹೆರಿಗೆಗೆ ಹೋಗುವವರಿದ್ದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು, ಜನ ಸತ್ತರು. ಆ ಮಣ್ಣಿನ ರಾಶಿಯ ಎದುರು ಕನ್ನಡದಲ್ಲಿ ಬೇಡಿಕೊಂಡವರೂ ಹಿಂದೆ ಬಂದರು. ಆ ದಿನಗಳನ್ನು ನಾನು ಮರೆತಿಲ್ಲ, ಮರೆಯಲಾರೆ.

ನಮ್ಮನ್ನು ಎರಡೂ ಕಡೆಯವರೆಂದು ಲೆಕ್ಕ ಹಿಡಿದದ್ದು ನಮ್ಮ ಅಡಿಕೆ ಮಾತ್ರ. ಎಪ್ಪತ್ತರ ದಶಕದ ಮೊದಲಲ್ಲಿ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಎರಡೂ ರಾಜ್ಯಗಳ ಬೆಳೆಗಾರರಿಗೆ ಸೇರಿಯೇ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಇವತ್ತಿಗೂ ನಾನು ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಮಾರುವುದು ಮಂಗಳೂರಿನ ಧಾರಣೆ ನೋಡಿಯೇ. ಹೊರದೇಶದ ಅಡಿಕೆ ಅಗ್ಗಕ್ಕೆ ನುಗ್ಗಿದರೆ ಬದಿಯಡ್ಕಕ್ಕೂ ಪೆಟ್ಟು, ಬಂಟ್ವಾಳಕ್ಕೂ ಪೆಟ್ಟು. 2023ರಲ್ಲಿ ಕೇಂದ್ರ ಸರ್ಕಾರ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಎರಡೂ ಕಡೆ ಒಂದೇ ಉಸಿರು ಬಿಟ್ಟೆವು. ಒಂದು ಬೆಳೆಯ ವಿಷಯದಲ್ಲಿ ಎರಡು ರಾಜ್ಯಗಳು ಕುಳಿತು ಮಾತನಾಡಬಹುದಾದರೆ ಒಂದು ಆಧಾರದ ವಿಷಯದಲ್ಲಿ ಏಕೆ ಆಗುವುದಿಲ್ಲ ಎಂಬುದು ನನಗೆ ನಿಜವಾಗಿಯೂ ಅರ್ಥವಾಗುವುದಿಲ್ಲ.

ಈಗ ಹೊಸ ಕೆಲಸ ಎದುರಿಗಿದೆ. ತಾಯಿಯ ಹೆಸರಿನಲ್ಲಿರುವ ಮೇಲಿನ ತೋಟವನ್ನು ಅವಳು ಮೊಮ್ಮಗಳಿಗೆ ಬರೆದುಕೊಡಬೇಕೆಂದಿದ್ದಾಳೆ. "ನಾನು ಓದದ ಕಾಗದಕ್ಕೆ ಇನ್ನು ಸಹಿ ಹಾಕುವುದಿಲ್ಲ" ಎಂದು ಅವಳೇ ಹೇಳಿದಳು. ಹಾಗಾಗಿ ಈ ಸಲ ಅರ್ಜಿಯನ್ನು ಕನ್ನಡದಲ್ಲಿಯೇ ಬರೆದೆವು. ಪತ್ರದ ಕನ್ನಡ ಪ್ರತಿ ಕೊಡಬೇಕೆಂದು ಕೇಳಿ, 350ನೇ ವಿಧಿಯನ್ನೂ ಉಲ್ಲೇಖಿಸಿದೆ. ತಾಯಿ ಎರಡು ಸಲ ಓದಿ, ಒಂದು ಕಡೆ ನನ್ನ ಒತ್ತಕ್ಷರ ತಿದ್ದಿ, ದುಂಡಗೆ ಸಹಿ ಹಾಕಿದಳು. ಕಿಟಕಿಯಲ್ಲಿದ್ದ ಹುಡುಗಿ ಸ್ವಲ್ಪ ಹೊತ್ತು ಅದನ್ನು ನೋಡಿ, ಒಳಗೆ ಹೋಗಿ ಕೇಳಿಕೊಂಡು ಬಂದು, ಕೊನೆಗೆ ತೆಗೆದುಕೊಂಡಳು. ರಸೀದಿ ಕೊಟ್ಟಳು. ಇಂದಿಗೆ ಇಪ್ಪತ್ತಮೂರು ದಿನಗಳಾದವು. ಉತ್ತರ ಬಂದ ದಿನ ನಿನಗೆ ಫೋನ್ ಮಾಡುತ್ತೇನೆ.