ವಕೀಲರಿಗೆ ಕಳುಹಿಸಿದ ಮೆಸೇಜ್ ಎದುರು ಪಾರ್ಟಿ ಕೈಗೆ ಸಿಕ್ಕರೆ ಕೋರ್ಟಿನಲ್ಲಿ ನಡೆಯುತ್ತದಾ?

ನೀವು ಕೇಳಿದ್ದು ಇದು. ಅಣ್ಣ ಹಾಕಿರುವ ಪಾಲಿನ ದಾವೆಯಲ್ಲಿ ನೀವು ಪ್ರತಿವಾದಿ. ನಿಮ್ಮ ವಕೀಲರಿಗೆ ವಾಟ್ಸಾಪ್‌ನಲ್ಲಿ ಬರೆದ ಮೆಸೇಜಿನ ಸ್ಕ್ರೀನ್‌ಶಾಟ್ ಹೇಗೋ ಅಣ್ಣನ ಕೈ ಸೇರಿದೆ. ಕೇಸಿಗೆ ಮೊದಲು ರಾಜಿಗಾಗಿ ನೀವು ಬರೆದ ಪತ್ರವೂ ಅವರ ಹತ್ತಿರ ಇದೆ. ಎರಡನ್ನೂ ಕೋರ್ಟಿಗೆ ಹಾಕುತ್ತೇವೆ ಅಂತ ಹೆದರಿಸುತ್ತಿದ್ದಾರೆ.

ನಾನು ಸಿವಿಲ್ ದಾವೆಗಳನ್ನೇ ನಡೆಸುವ ವಕೀಲ. ಎರಡಕ್ಕೂ ಉತ್ತರ ಬೇರೆ ಬೇರೆ.

ವಕೀಲರ ಹತ್ತಿರ ಹೇಳಿದ್ದು ಗುಟ್ಟು ಅನ್ನುವುದು ನಿಜ. ಆದರೆ ಕಾನೂನು ಯಾರ ಬಾಯಿಗೆ ಬೀಗ ಹಾಕುತ್ತದೆ ಅಂತ ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ವಕೀಲರನ್ನು ಕಟ್ಟಿಹಾಕುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಅವರು ಬಾಯಿ ಬಿಡುವ ಹಾಗಿಲ್ಲ. ವಕಾಲತ್ತು ಮುಗಿದ ಮೇಲೂ ಇಲ್ಲ. ಅವರ ಗುಮಾಸ್ತರಿಗೂ ಇದೇ ನಿಯಮ. 134ನೇ ಕಲಂ ನಿಮ್ಮನ್ನು ಕಾಯುತ್ತದೆ, ವಕೀಲರ ಜೊತೆ ಆಡಿದ ಗುಟ್ಟಿನ ಮಾತು ಹೇಳಿ ಅಂತ ಕೋರ್ಟು ನಿಮ್ಮನ್ನು ಬಲವಂತ ಮಾಡುವಂತಿಲ್ಲ. ನಿಮ್ಮ ಕೇಸು ಆ ತಾರೀಖಿಗಿಂತ ಮೊದಲಿನದಾದರೆ 1872ರ ಹಳೆಯ ಸಾಕ್ಷ್ಯ ಕಾಯ್ದೆಯ 126 ಮತ್ತು 129ನೇ ಕಲಂ ನೋಡಿ. ತಿರುಳು ಅದೇ.

ಈಗ ಕಷ್ಟದ ಜಾಗಕ್ಕೆ ಬರೋಣ. ಈ ಕಲಂಗಳು ಕಟ್ಟಿಹಾಕುವುದು ವಕೀಲರನ್ನು, ಕಾಯುವುದು ನಿಮ್ಮನ್ನು. ನಿಮ್ಮ ಅಣ್ಣನ ಬಗ್ಗೆ ಏನೂ ಹೇಳುವುದಿಲ್ಲ. ದಾಖಲೆ ಹೇಗೆ ಸಿಕ್ಕಿತು ಅನ್ನುವುದಕ್ಕಿಂತ ಅದು ಕೇಸಿಗೆ ಸಂಬಂಧಪಟ್ಟಿದ್ದಾ ಅಂತಲೇ ನಮ್ಮ ಕೋರ್ಟುಗಳು ಜಾಸ್ತಿ ನೋಡುತ್ತವೆ. 1974ರ ಪೂರಣ್ ಮಲ್ ಕೇಸಿನಿಂದ ಸುಪ್ರೀಂ ಕೋರ್ಟಿನ ನಿಲುವು ಹೀಗೇ ಇದೆ. ಹಾಗಾಗಿ 'ಅದು ನನ್ನ ಗುಟ್ಟು, ನೋಡಲೇಬೇಡಿ' ಅಂದರೆ ಸಾಕು ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ವಾದ ಮಾಡಲು ಜಾಗ ಇದೆ, ಗೆದ್ದೇ ಗೆಲ್ಲುತ್ತೀರಿ ಅನ್ನುವ ಭರವಸೆ ಇಲ್ಲ.

ಆದರೆ ಸ್ಕ್ರೀನ್‌ಶಾಟನ್ನು ಸುಮ್ನೆ ಪ್ರಿಂಟ್ ಹಾಕಿ ತಂದರೆ ಆಗುವುದಿಲ್ಲ. ಹೊಸ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ, ಒಂದು ಪಾರ್ಟಿ ತುಂಬುವುದು, ಇನ್ನೊಂದು ತಜ್ಞರು ತುಂಬುವುದು. ಯಾವ ಸಾಧನದಿಂದ ತೆಗೆದದ್ದು, ಹ್ಯಾಶ್ ವ್ಯಾಲ್ಯೂ (ಫೈಲಿನ ಬೆರಳಚ್ಚಿನಂಥ ಗುರುತು) ಎಷ್ಟು, ಎಲ್ಲ ಬರೆಯಬೇಕು. ಕದ್ದು ನೋಡಿ ಫೋಟೋ ಹೊಡೆದವರು ಇದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಅಣ್ಣನ ಕಡೆಯವರು ಅದನ್ನು ನಿಶಾನೆ ಮಾಡಿಸಲು, ಅಂದರೆ ಸಾಕ್ಷ್ಯವಾಗಿ ನಂಬರು ಹಾಕಿಸಲು, ಹೊರಟ ಆ ಕ್ಷಣದಲ್ಲೇ ನಿಮ್ಮ ವಕೀಲರು ಎದ್ದು ತಕರಾರು ಹೇಳಬೇಕು, ಅದು ದಾಖಲಾಗಬೇಕು. ಸರ್ಟಿಫಿಕೇಟ್ ಇಲ್ಲ ಅನ್ನುವಂಥ ತಕರಾರನ್ನು ಆಗ ಬಿಟ್ಟರೆ ಆಮೇಲೆ ಎತ್ತುವುದು ಕಷ್ಟ.

ರಾಜಿ ಪತ್ರದ ವಿಷಯದಲ್ಲಿ ನಿಮ್ಮ ಕೈ ಗಟ್ಟಿ ಇದೆ. ಸಿವಿಲ್ ಕೇಸಿನಲ್ಲಿ 'ಇದನ್ನು ಸಾಕ್ಷ್ಯವಾಗಿ ಬಳಸಬಾರದು' ಎಂಬ ಷರತ್ತಿನ ಮೇಲೆ ಒಪ್ಪಿಕೊಂಡ ಮಾತನ್ನು ಪರಿಗಣಿಸುವಂತಿಲ್ಲ ಅಂತ 21ನೇ ಕಲಂ ಹೇಳುತ್ತದೆ. ಷರತ್ತನ್ನು ಬರೆದಿರಲೇಬೇಕು ಅಂತಿಲ್ಲ. ಇಬ್ಬರಿಗೂ ಅಂಥ ಒಪ್ಪಂದ ಇತ್ತು ಅಂತ ಸಂದರ್ಭದಿಂದ ಕೋರ್ಟಿಗೆ ಅನ್ನಿಸಿದರೂ ಸಾಕು. ಜಗಳ ಆಗಲೇ ಶುರುವಾಗಿತ್ತು, ಪತ್ರ ಬರೆದದ್ದು ರಾಜಿಗೇ ಅಂತ ತೋರಿಸಿ. ಮೇಲೆ 'ವಿತೌಟ್ ಪ್ರಿಜುಡೀಸ್' (ನನ್ನ ಹಕ್ಕಿಗೆ ಧಕ್ಕೆ ಆಗದಂತೆ) ಅಂತ ಇದ್ದರೆ ಒಳ್ಳೆಯದು, ಆದರೆ ಒಳಗೆ ರಾಜಿಯ ಮಾತೇ ಇಲ್ಲದಿದ್ದರೆ ಆ ಎರಡು ಪದ ಕಾಪಾಡುವುದಿಲ್ಲ. ಮುಂದೆ ಕೋರ್ಟು ನಿಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸಿದರೆ ಅಲ್ಲಿ ಮನಸ್ಸು ಬಿಚ್ಚಿ ಮಾತಾಡಿ. ರಾಜಿ ಮುರಿದರೆ ಮಧ್ಯಸ್ಥರು 'ಫಲಿಸಲಿಲ್ಲ' ಅಂತ ಒಂದು ಸಾಲು ಬರೆಯಬೇಕೇ ಹೊರತು ಒಳಗೆ ಯಾರು ಏನಂದರು ಅಂತ ಬರೆಯಬಾರದು ಎಂದು ಮೋತಿ ರಾಮ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನನ್ನ ಮಟ್ಟಿಗೆ ಸ್ಕ್ರೀನ್‌ಶಾಟಿಗಿಂತ ದೊಡ್ಡ ಅಪಾಯ ಇದು. ಪಾಟೀಸವಾಲಿನಲ್ಲಿ ಎದುರು ವಕೀಲರು 'ಈ ಪಾಲುಪತ್ರದಲ್ಲಿರುವ ಸಹಿ ನಿಮ್ಮದೇನಾ?' ಅಂತ ಕೇಳಿದರೆ ಉತ್ತರ ಕೊಡಲೇಬೇಕು. ಸಹಿ ಮಾಡಿದ್ದು ನಡೆದ ಸಂಗತಿ. ಅದನ್ನು ನಿಮ್ಮ ವಕೀಲರಿಗೂ ಹೇಳಿದ್ದೀರಿ ಅಂದ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ. 'ಈ ಸಹಿ ಬಗ್ಗೆ ನಿಮ್ಮ ವಕೀಲರಿಗೆ ಏನು ಹೇಳಿದಿರಿ?' ಅಂತ ಕೇಳಿದರೆ ಉತ್ತರ ಕೊಡಬೇಕಾಗಿಲ್ಲ. ಆದರೆ ನೀವೇ ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ (ನಿಮ್ಮ ಸಾಕ್ಷ್ಯವನ್ನು ಬರೆದು ಕೊಡುವ ಅಫಿಡವಿಟ್‌ನಲ್ಲಿ) 'ವಕೀಲರು ಹೇಳಿದ್ದಕ್ಕೆ ಸಹಿ ಹಾಕಿದೆ' ಅಂತ ಬರೆದಿರೋ, ಬಾಗಿಲು ನೀವೇ ತೆರೆದ ಹಾಗೆ. ನಿಮ್ಮ ಸಾಕ್ಷ್ಯವನ್ನು ಅರ್ಥಮಾಡಿಕೊಳ್ಳಲು ಎಷ್ಟು ಬೇಕೋ ಅಷ್ಟನ್ನು ಕೋರ್ಟು ಹೇಳಿಸಬಹುದು. ಅದೂ 134ನೇ ಕಲಮಿನಲ್ಲೇ ಇದೆ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುಂಚೆ ಪ್ರತಿ ಸಾಲನ್ನೂ ಓದಿ.

ಕಾಗದಪತ್ರಗಳೂ ಅಷ್ಟೇ. ಹಳೆಯ ಪಾಲುಪತ್ರವನ್ನು ವಕೀಲರ ಬೀರುವಿನಲ್ಲಿ ಇಟ್ಟರೆ ಅದಕ್ಕೆ ರಕ್ಷಣೆ ಬರುವುದಿಲ್ಲ. ವಕೀಲರ ಬಳಿ ಇರುವ ದಾಖಲೆಗೆ 132ನೇ ಕಲಮಿನ ರಕ್ಷಣೆ ಇಲ್ಲ, ಸಿವಿಲ್ ಕೇಸಿನಲ್ಲೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ಹೇಳಿದೆ. ಕೋರ್ಟು ಕೇಳಿದರೆ ತಂದು ಹಾಜರುಪಡಿಸಬೇಕು. ತಕರಾರಿದ್ದರೆ ಅಲ್ಲೇ ಹೇಳಬೇಕು.

ಇಷ್ಟು ಓದಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಆ ಮೆಸೇಜನ್ನು ನೀವೇ ಯಾರಿಗಾದರೂ ಫಾರ್ವರ್ಡ್ ಮಾಡಿದ್ದಿರಾ, ಅಥವಾ ಫೋನ್ ಯಾರದ್ದಾದರೂ ಕೈಗೆ ಹೋಗಿತ್ತಾ? ನೆನಪು ಮಾಡಿಕೊಂಡು ನಿಮ್ಮ ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಮನೆಯವರ ಗ್ರೂಪಿಗೆ ನೀವೇ ಹಾಕಿದ್ದರೆ 'ಗುಟ್ಟು' ಅನ್ನುವ ವಾದ ತೆಳುವಾಗುತ್ತದೆ. ಕದ್ದದ್ದಾದರೆ ವಾದ ಬೇರೆ ದಾರಿ ಹಿಡಿಯುತ್ತದೆ. ಮುಂದಿನ ತಾರೀಖಿಗೆ ಮೊದಲೇ ಅವರಿಗೆ ಇದು ಗೊತ್ತಿರಬೇಕು. ಈ ಸಲ ಮೆಸೇಜ್ ಮಾಡಬೇಡಿ, ಆಫೀಸಿಗೆ ಹೋಗಿ ಎದುರು ಕೂತು ಹೇಳಿ.