ಬಾಹ್ಯಾಕಾಶ ನಿಲ್ದಾಣಕ್ಕೆ ನಮ್ಮ ತೋಟದ ಕಾಫಿ ಬೀಜ: ರಾಕೆಟ್ ಸಿಡಿದರೆ ಅಂತ ಎರಡು ಡಬ್ಬಿ ಕಳಿಸಬೇಕಾ?

ರಾಕೆಟ್ ಸಿಡಿಯುವುದನ್ನು ಆಮೇಲೆ ನೋಡೋಣ. ನಿಮ್ಮ ಬೀಜ ಅದಕ್ಕೂ ಮೊದಲೇ ಸಾಯುತ್ತದೆ. ನಮ್ಮದು ಹಾಗೇ ಸತ್ತಿತು.

ಕಾಲೇಜಿನಲ್ಲಿದ್ದಾಗ ನಾವು ನಾಲ್ಕು ಜನ ಇದೇ ಹುಚ್ಚು ಹಿಡಿಸಿಕೊಂಡಿದ್ದೆವು. ಸರಕು ನೌಕೆಯಲ್ಲಿ ವಿದ್ಯಾರ್ಥಿಗಳ ಪ್ರಯೋಗ ಕಳಿಸುವ ಸ್ಪರ್ಧೆ. ಕೊಡಗಿನವರು ಅಂದಮೇಲೆ ಕಾಫಿ ಬಿಟ್ಟು ಬೇರೇನು ಹೊಳೆಯುತ್ತದೆ? ತೂಕವೇ ಇಲ್ಲದ ಕಡೆ ಕಾಫಿ ಬೇರು ಯಾವ ದಿಕ್ಕು ಹಿಡಿಯುತ್ತದೆ ಅಂತ ನೋಡುವ ಆಸೆ. ಜನವರಿಯಲ್ಲಿ ಒಳ್ಳೆ ರೊಬಸ್ಟಾ ಹಣ್ಣು ಕೊಯ್ದು, ಸಿಪ್ಪೆ ಸುಲಿದು, ಅಜ್ಜ ಹೇಳಿದ ಹಾಗೆ ಜರಡಿ ಹಿಡಿದ ಬೂದಿ ಬೆರೆಸಿ ನೆರಳಲ್ಲಿ ಒಣಗಿಸಿದೆವು. ಅರ್ಧ ಬೀಜ ಅಜ್ಜನ ಪಾತಿಗೆ ಹೋಯಿತು. ಉಳಿದದ್ದು ನಮ್ಮ ಡಬ್ಬಿಗೆ.

ತಪ್ಪಾಗಿದ್ದು ಇಲ್ಲಿ. ನಾವು ದಿನ ಲೆಕ್ಕ ಹಾಕಿದ್ದು ಉಡಾವಣೆಯ ತಾರೀಖಿನಿಂದ. ಹಾಕಬೇಕಿದ್ದದ್ದು ಹಣ್ಣು ಕೊಯ್ದ ದಿನದಿಂದ. ರಾಕೆಟ್ ಎದ್ದ ಮೇಲೆ ಎಷ್ಟು ದಿನ, ನೀರು ಬಿಟ್ಟ ಮೇಲೆ ಎಷ್ಟು ದಿನ, ಎಲ್ಲ ಬರೆದಿದ್ದೆವು. ಆದರೆ ಬೀಜದ ವಯಸ್ಸು ಮರದಿಂದ ಬಿಡಿಸಿದ ದಿನವೇ ಶುರುವಾಗುತ್ತದೆ, ಅದಕ್ಕೆ ನಿಮ್ಮ ರಾಕೆಟ್ ಗೊತ್ತಿಲ್ಲ. ರೊಬಸ್ಟಾ ಬೀಜದ ಮೊಳಕೆ ಶಕ್ತಿ ಬೇಗ ಇಳಿಯುತ್ತದೆ. ತೋಟದಲ್ಲಿ ಬೀಜ ಮಾಡಿದ ಕೂಡಲೇ ಪಾತಿಗೆ ಹಾಕಿ ಹುಲ್ಲು ಮುಚ್ಚುವುದು ಸುಮ್ನೆ ಅಲ್ಲ ಅಲ್ವಾ? ಇಪ್ಪತ್ತು ವರ್ಷ ಅದನ್ನೇ ನೋಡಿ ಬೆಳೆದಿದ್ದೆ, ಆದರೂ ಹೊಳೆಯಲಿಲ್ಲ.

ಮಾರ್ಚ್‌ನಲ್ಲಿ, ನಿಜವಾದ ಉಡಾವಣೆಗೆ ಮೊದಲಿನ ತಾಲೀಮಿಗೆ ಅಂತ, ಡಬ್ಬಿ ಸೀಲ್ ಮಾಡಿ ಕೊಟ್ಟೆವು. ಸ್ಪರ್ಧೆ ನಡೆಸುವವರು ಬೇಕಂತಲೇ "ಉಡಾವಣೆ ಮುಂದೆ ಹೋಗಿದೆ" ಅಂತ ಆರು ವಾರ ಬೀರುವಿನಲ್ಲಿ ಇಟ್ಟರು. ಆಗ ಸಿಟ್ಟು ಬಂದಿತ್ತು, ಈಗ ಇಲ್ಲ. ನಿಲ್ದಾಣ ಸುತ್ತುವ ಹಾದಿಗೆ ಸರಿಯಾಗಿ ರಾಕೆಟ್ ಏಳಬೇಕು, ಆ ಗಳಿಗೆ ತಪ್ಪಿದರೆ ಅವತ್ತಿನ ಕಥೆ ಮುಗಿಯಿತು. ಗಗನಯಾತ್ರಿ ಶುಭಾಂಶು ಶುಕ್ಲಾ ನಿಲ್ದಾಣಕ್ಕೆ ಹೋದ ಯಾನ ನೋಡಿ, ಅದು ಸರಕು ನೌಕೆ ಅಲ್ಲ ನಿಜ, ಆದರೂ 2025ರ ಮೇ 29ಕ್ಕೆ ಅಂದದ್ದು ಹವಾಮಾನ, ಸೋರಿಕೆ ಅಂತ ಮುಂದೆ ಮುಂದೆ ಹೋಗಿ ಎದ್ದದ್ದು ಜೂನ್ 25ಕ್ಕೆ. ಅದರಲ್ಲಿ ಧಾರವಾಡದವರ ಹೆಸರುಕಾಳು, ಮೆಂತ್ಯ ಇದ್ದವು. ಒಣ ಹೆಸರುಕಾಳಿಗೆ ಒಂದು ತಿಂಗಳು ಏನೂ ಅಲ್ಲ.

ನಮ್ಮ ಡಬ್ಬಿ ತೆರೆದು ಒದ್ದೆ ಮಾಡಿ ಐವತ್ತು ದಿನ ಕಾದೆವು. ಹನ್ನೆರಡರಲ್ಲಿ ಒಂದೂ ಮೊಳೆಯಲಿಲ್ಲ. ಬ್ಲೇಡಿನಲ್ಲಿ ಸೀಳಿದರೆ ಬೆಳ್ಳಗಿರಬೇಕಾದ ಭ್ರೂಣ ಕಂದಾಗಿತ್ತು. ಊರಿಗೆ ಬಂದರೆ ಜೂನ್ ಮಳೆ, ಅದೇ ಬೀಜದ ಸಸಿಗಳು ಅಜ್ಜನ ಪ್ಲಾಸ್ಟಿಕ್ ಚೀಲಗಳಲ್ಲಿ ಎಲೆ ಬಿಟ್ಟು ನಿಂತಿದ್ದವು. ಅಜ್ಜ ಏನೂ ಕೇಳಲಿಲ್ಲ. ಅದೇ ಜಾಸ್ತಿ ಉರಿಯಿತು.

ಇನ್ನೊಂದು, ಕಾಫಿ ಮೊಳಕೆ ಬೀಜವನ್ನೇ ಟೋಪಿಯ ಹಾಗೆ ತಲೆ ಮೇಲೆ ಹೊತ್ತು ಮೇಲೆ ಬರಲು 45 ದಿನವಾದರೂ ಬೇಕು. ಡ್ರ್ಯಾಗನ್ ಸರಕು ನೌಕೆ ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸಿನಲ್ಲೇ ವಾಪಸ್ ಹೊರಡುತ್ತದೆ. ಸಿಗ್ನಸ್ ಅನ್ನುವ ಇನ್ನೊಂದು ಸರಕು ನೌಕೆ ಅಂತೂ ಬರುವಾಗ ಉರಿದೇ ಹೋಗುತ್ತದೆ. ನೀವು ಏನು ನೋಡುತ್ತೀರಿ?

ಸಿಡಿಯುವುದೇ ಇಲ್ಲ ಅಂತಲ್ಲ. 2014ರ ಅಕ್ಟೋಬರ್ 28ರಂದು ನಿಲ್ದಾಣಕ್ಕೆ ಸರಕು ಒಯ್ಯುತ್ತಿದ್ದ ಆಂಟಾರೆಸ್ ರಾಕೆಟ್ ಎದ್ದ ಕೆಲವೇ ಕ್ಷಣಗಳಲ್ಲಿ ಸಿಡಿಯಿತು, 2015ರ ಜೂನ್ 28ರಂದು ಫಾಲ್ಕನ್ 9 ರಾಕೆಟ್ ಎರಡೇ ನಿಮಿಷ ಚಿಲ್ಲರೆಯಲ್ಲಿ ಚೂರಾಯಿತು. ಎರಡರಲ್ಲೂ ಪ್ರಯೋಗ ಕಳೆದುಕೊಂಡ ಶಾಲಾ ಮಕ್ಕಳಿದ್ದಾರೆ. ಆದರೆ ಅದು ನಿಮ್ಮ ಕೈಲಿಲ್ಲ. ಬೀಜ ಯಾವುದು ಅನ್ನುವುದು ನಿಮ್ಮ ಕೈಲಿದೆ.

ಕೊಡಗಿನ ಹೆಸರೇ ಬೇಕಾದರೆ ಗದ್ದೆಯ ಭತ್ತ ಕಳಿಸಿ. ಪುತ್ತರಿಗೆ ಕೊಯ್ದದ್ದು ಮಳೆಗಾಲದವರೆಗೆ ಪತ್ತಾಯದಲ್ಲಿ ತಣ್ಣಗೆ ಕೂತಿರುತ್ತದೆ, ಕಾಯುವುದು ಅದಕ್ಕೆ ಅಭ್ಯಾಸ. ಎರಡನೇ ಡಬ್ಬಿ ಖಂಡಿತ ಮಾಡಿ, ಆದರೆ ಅದನ್ನು ಇನ್ನೊಂದು ರಾಕೆಟ್‌ಗೆ ಕೊಡಬೇಡಿ. ಹೋಲಿಸಿ ನೋಡಲು ಮನೆಯಲ್ಲೇ ಇಟ್ಟು, ಮೇಲಿನದಕ್ಕೆ ನೀರು ಬಿಟ್ಟ ದಿನವೇ ಇದಕ್ಕೂ ಬಿಡಿ.