ಹುದ್ದೆಯಿಲ್ಲದವರು ಸುವಾರ್ತೆ ಹೇಳಬಹುದೇ?

ಪ್ರಶ್ನೆ: ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಜೊತೆಯವರು ನನ್ನ ನಂಬಿಕೆಯ ಬಗ್ಗೆ ಕೇಳುತ್ತಾರೆ. ಪಾದ್ರಿಯಲ್ಲದ ನಾನು ಉತ್ತರಿಸಬಹುದೇ?

ಉತ್ತರ: ಧಾರಾಳವಾಗಿ. ಕಥೋಲಿಕ ಬಿಷಪ್‌ಗಳ ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾಮಾನ್ಯ ವಿಶ್ವಾಸಿಗಳ ಈ ಹೊಣೆಗೆಂದೇ ಪ್ರತ್ಯೇಕ ಆದೇಶಪತ್ರ ಹೊರಡಿಸಿತು. ಪ್ರೊಟೆಸ್ಟೆಂಟರಲ್ಲಂತೂ ಇದು ಹಳೇ ಮಾತು. ಬೈಬಲಿನಲ್ಲಿ ಪೇತ್ರನ ಮೊದಲ ಪತ್ರ 3:15 ನೋಡಿ: ಕೇಳಿದವರಿಗೆ ಉತ್ತರಿಸಲು ಸಿದ್ಧರಿರಬೇಕು, ಆದರೆ ಸೌಮ್ಯವಾಗಿ, ಗೌರವದಿಂದ. ಬಹಳ ಮಂದಿ ಎಡವುವುದು ಆ ‘ಆದರೆ’ಯಲ್ಲೇ. ಒಂದು ಕೇಳಿದರೆ ಅರ್ಧ ಗಂಟೆ ಪ್ರಸಂಗ, ನಡುವೆ ಅವರ ದೇವರ ಟೀಕೆ. ಅಲ್ಲಿಗೆ ಮಾತು ಮುರಿಯಿತು. ಊಟದ ಬಿಡುವಿನಲ್ಲಿ ಕೇಳಿದಷ್ಟಕ್ಕೆ, ಎರಡು ಮೂರು ನಿಮಿಷ ಸಾಕು. ‘ಪಾಪನಿವೇದನೆ’, ‘ಪುನರುತ್ಥಾನ’ದಂಥ ದೇವಾಲಯದ ಪದಗಳನ್ನು ಬಿಡಿಸಿ ಹೇಳಿ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತದ್ದೂ ಜನರಿಗೆ ತಿಳಿಯುವಂತೆ ಹೇಳುವುದಕ್ಕೇ. ಹಣ, ಕೆಲಸದ ಆಸೆ ತೋರಿಸುವುದು ಬೇಡವೇ ಬೇಡ. ತಿಳಿಯದ್ದಕ್ಕೆ ‘ಕೇಳಿ ಹೇಳ್ತೀನಿ’ ಎನ್ನಿ.